ಖಾಲಿ ಖಾನೆ

ವಯಸ್ಸಾದಂತೆ ಜೀನುಗಳಿಗೆ ಬಿದ್ದು ಅವುಗಳ ಕೆಲಸ ನಿಲ್ಲಿಸುವ ಬೀಗವನ್ನು ವಾರ್ಡಿನ ಆರೋಗ್ಯ ಕೇಂದ್ರದಲ್ಲೇ ತೆಗೆದುಕೊಡುತ್ತಿದ್ದ ಕಾಲ. ಆ ಸೋಮವಾರ ತಂತ್ರಜ್ಞೆ ಶಿವಲೀಲಾಳ ಎದುರು ಕುಳಿತವರು ನೂಲಿನ ಗಿರಣಿಯ ನಿವೃತ್ತ ಕಾವಲುಗಾರ ದುರಗಪ್ಪ.

"ಮೊಣಕಾಲಿನ ಜೀನಿನ ಬೀಗ ತಗದೇನ್ರಿ ಅಜ್ಜಾರ. ಶ್ವಾಸಕೋಶದ್ದು ಆಗೂದಿಲ್ಲ," ಎಂದಳು.

"ಗಂಟು ಅಲ್ಲೇ ಬೆಳೀಲಿಕ್ಕತ್ತೈತಿ ಅಂದಿಯಲ್ಲವಾ?"

"ಹೌದ್ರಿ. ಆದ್ರ ಆ ಜೀನು ಪ್ರೋಟೀನ್ ಮಾಡೂದಿಲ್ಲ. ಅದರ ಆರ್‌ಎನ್‌ಎ ಅನ್ನೂ ನಕಲು ಬರೇ ಅಡ್ಡಾಡಿ, ಜೀವಕೋಶ ಮಿತಿಮೀರಿ ಬೆಳೀದಂಗ ತಡೀತೈತಿ. 'ಏನು ತಯಾರಿಸುತ್ತದೆ' ಅನ್ನೂ ಖಾನೆ ಖಾಲಿ ಇದ್ರ ಕಂಪ್ಯೂಟರ್ ಫಾರ್ಮ್ ಒಪ್ಪೂದಿಲ್ಲ."

ದುರಗಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ನಾನೂ ಮೂವತ್ತು ವರ್ಷ ಒಂದು ಎಳಿ ನೂಲು ತಗೀಲಿಲ್ಲವ್ವಾ. ಗಿರಣಿ ಪುಸ್ತಕದಾಗ ನನ್ನ ಹೆಸರಿನ ಮುಂದ 'ಕಾವಲು' ಅಂತ ಬರೀತಿದ್ರು. ಹಂಗ ಬರಿ."

ಶಿವಲೀಲಾ ಬರೆದಳು. ಕಂಪ್ಯೂಟರ್ ಒಪ್ಪಿತು. ಬೀಗ ತೆಗೆಯಲು ಐದು ನಿಮಿಷವೂ ಹಿಡಿಯಲಿಲ್ಲ.

ಅವರು ಹೋದ ಮೇಲೆ ಅವಳು ಕಪಾಟು ತೆರೆದು, ಅದೇ ಖಾನೆ ಖಾಲಿಯೆಂದು ತಾನು ತಿರಸ್ಕರಿಸಿದ್ದ ಫಾರ್ಮುಗಳ ಕಟ್ಟನ್ನು ಬಿಚ್ಚಿದಳು. ಮೊದಲ ಹೆಸರಿನವರ ತಿಥಿ ಊಟಕ್ಕೆ ಅವಳೇ ಹೋಗಿಬಂದಿದ್ದಳು. ಎರಡನೆಯವರಿಗೆ ಫೋನ್ ಹಚ್ಚಿದಳು.