ಹೊಲಿಗೆ ಯಂತ್ರದ ಬೆಲೆ

ಪೇಟೆಯಲ್ಲಿ ಎಲ್ಲದಕ್ಕೂ ನೆನಪನ್ನೇ ತೆರಬೇಕಾದ ಮೇಲೆ ಶಿವಲೀಲಾ ಖರ್ಚುವೆಚ್ಚವನ್ನು ಆ್ಯಪಿಗೇ ಒಪ್ಪಿಸಿದ್ದಳು. ಬಹಳ ದಿನದಿಂದ ಮುಟ್ಟದ ನೆನಪನ್ನು ಮೊದಲು ಖರ್ಚು ಮಾಡು ಎಂದು ಅದಕ್ಕೆ ಹೇಳಿಟ್ಟಿದ್ದಳು. ಸೋಮವಾರ ಬದನೆಕಾಯಿಗೆ ಹದಿಮೂರರ ಮಗ್ಗಿ ಹೋಗಿತ್ತು, ಹೋದರೆ ಹೋಗಲಿ. ಆದರೆ ಆ್ಯಪಿನ ಲೆಕ್ಕದಲ್ಲಿ ನಿನ್ನೆ ತಂದ ಹೊಲಿಗೆ ಯಂತ್ರದ ಮುಂದೆ ‘ಕಸ್ತೂರಕ್ಕ, ಪೂರ್ತಿ’ ಎಂದಿತ್ತು. ಯಾರೀ ಕಸ್ತೂರಕ್ಕ?

ಅಷ್ಟರಲ್ಲಿ ಹೆಂಗಸೊಬ್ಬಳು ಬಾಗಿಲು ತಳ್ಳಿಕೊಂಡು ಒಳಗೆ ಬಂದಳು.

“ಮಷಿನ್ ತಗೊಂಡ್ಯಂತ? ತೋರ್ಸು, ನೋಡೂಣು.”

“ಯಾರ್ರೀ ನೀವು?”

“ಆರು ವರ್ಷದ ಸಿಟ್ಟು ಬಿಟ್ಟು ನಾನ ಬಂದೀನಿ, ಹಿಂಗ ಕೇಳ್ತಿಯಲ್ಲ! ನಿಮ್ಮಕ್ಕ ನಾ.”

ಶಿವಲೀಲಾ ತಬ್ಬಿಬ್ಬಾದಳು. ಒಳಗೆ ಹೋಗಿ ಚಹಾ ಮಾಡಿದಳು. ಒಂದು ಕಪ್ಪಿಗೆ ಸಕ್ಕರೆ ಬೆರೆಸದೆ ಆಕೆಯ ಮುಂದಿಟ್ಟಳು.

ಆಕೆ ಗುಟುಕರಿಸಿ ತಲೆಯೆತ್ತಿದಳು. “ನಾ ಸಕ್ಕರೆ ಹಾಕ್ಕೊಳ್ಳಂಗಿಲ್ಲ ಅಂತ ನಿನಗ ಯಾರ್ ಹೇಳಿದ್ರು?”

“ಗೊತ್ತಿಲ್ರೀ.”