ಅಡಿಗಲ್ಲಿನ ಅಂಚು

ಅವ್ವನ ಇಳಿಗೆಮಣೆ ಈಗ ನನ್ನ ಅಡುಗೆಮನೆಯಲ್ಲಿದೆ. ಒದ್ದೆಯಾದಾಗಲೆಲ್ಲ ಅದರ ಕಬ್ಬಿಣದ ವಾಸನೆಗೆ ನಮ್ಮೂರು ಜನವಾಡದ ಆ ಮಧ್ಯಾಹ್ನ ಎದ್ದು ಬರುತ್ತದೆ.

ಕಾದ ಕಬ್ಬಿಣವಿಲ್ಲದ ಖಾಲಿ ಅಡಿಗಲ್ಲಿಗೆ, ಅಂದರೆ ಕಬ್ಬಿಣ ಬಡಿಯುವ ಉಕ್ಕಿನ ದಿಮ್ಮಿಗೆ, ಸುತ್ತಿಗೆ ತಾಗಿಸಬಾರದು ಎಂಬುದು ನಮ್ಮ ಕುಲುಮೆಯ ಕಟ್ಟಳೆ. ಅಪ್ಪ ಇಲ್ಲದಾಗ ನಾನು ಬಡಿದಿದ್ದೆ. ಅಂಚಿನಿಂದ ತೊಗರಿಕಾಳಿನಷ್ಟು ಚೂರು ಹಾರಿತ್ತು. ಆಮೇಲೆ ಆ ಅಂಚಿನ ಮೇಲೆ ಮಣಿಸಿದ ಪ್ರತಿಯೊಂದರಲ್ಲೂ ಅಷ್ಟೇ ದೊಡ್ಡ ಗಂಟು ಮೂಡುತ್ತಿತ್ತು. ರಜಾಕಾರರು ಎದೆಗೆ ಬಂದೂಕು ಹಿಡಿದು ಅಪ್ಪನಿಂದ ಮಾಡಿಸಿಕೊಂಡ ಭರ್ಜಿಗಳಲ್ಲೂ ಮೂಡಿತ್ತು.

ಪೊಲೀಸ್ ಆಕ್ಷನ್ ಆದ ಮೇಲೆ ಆ ಭರ್ಜಿಗಳು ಮಿಲಿಟರಿಯವರಿಗೆ ಸಿಕ್ಕವು. ಆ ಗಂಟಿನ ಗುರುತು ಹಿಡಿದು, ಮಾಡಿಕೊಟ್ಟವನನ್ನು ಹುಡುಕುತ್ತಿದ್ದಾರೆಂದು ಸುದ್ದಿ ಬಂತು. ಅಪ್ಪ ಬಾಗಿಲು ಹಾಕಿಕೊಂಡು, ಅರ ಹಿಡಿದು ಆ ಅಂಚನ್ನು ಉಜ್ಜತೊಡಗಿದ. ಉಕ್ಕು ಅರದ ಹಲ್ಲನ್ನೇ ತಿನ್ನುತ್ತಿತ್ತು. ಬೆರಳು ಸುಲಿದು ರಕ್ತ ಬಂದರೂ ನಿಲ್ಲಿಸಲಿಲ್ಲ.

“ಪುಡಿ ಬಳಿಯವ್ವ, ನೆಲದ ಮ್ಯಾಲ ಒಂದು ಕಣಾನೂ ಇರಬಾರ್ದು,” ಎಂದು ನನಗೆ ಹೇಳಿದ. ಉಜ್ಜುತ್ತಲೇ, “ಖಾಲಿ ಅಡಿಗಲ್ಲಿಗಿ ಯಾರ ಕೈ ಬಿತ್ತೋ,” ಎಂದ. ನಾನು ತಲೆಯೆತ್ತದೆ ಪುಡಿ ಬಳಿದೆ.

ಹೊತ್ತು ಇಳಿಯುವಾಗ ಅಂಚು ನುಣುಪಾಯಿತು. “ಇನ್ನ ಯಾರಿಗೂ ಗೊತ್ತಾಗಂಗಿಲ್ಲ,” ಎಂದು ಅಪ್ಪ ಉಸಿರು ಬಿಟ್ಟ.

ಅವ್ವ ಒಳಗಿನಿಂದ ಇಳಿಗೆಮಣೆ ತಂದು ಅವನ ಮುಂದಿಟ್ಟಳು. ಅದರ ಅಲಗಿನ ಬಾಗಿನಲ್ಲಿ ಅದೇ ಗಂಟು.

“ಊರಾಗಿನ ಕುಡಗೋಲೆಲ್ಲಾ ಹಿಂಗೇ ಅವ ರೀ,” ಎಂದಳು. “ಎಷ್ಟ್ ಮನಿಗಿ ಹೋಗಿ ಉಜ್ಜತೀರಿ?”

ಅಪ್ಪ ಇಳಿಗೆಮಣೆಯನ್ನು ಮುಟ್ಟಲಿಲ್ಲ. ಅರ ಎತ್ತಿಕೊಂಡು, ಆಗಲೇ ನುಣುಪಾಗಿದ್ದ ಅಂಚನ್ನು ಮತ್ತೆ ಉಜ್ಜತೊಡಗಿದ.