ಸಂಪಾಜೆಯ ತನಕ ಫುಲ್ ವಾಲ್ಯೂಮ್

“ಇನ್ನೂ ಜೋರು ಬೇಕು,” ಎಂದು ಉದಯ ಹೆಲ್ಮೆಟ್ಟಿನೊಳಗಿಂದ ಕೂಗಿದ. ಅಂಗಡಿಯ ಮುಂದೆ ಹೋಗುತ್ತಿದ್ದ ಅರ್ಧ ಪುತ್ತೂರು ತಿರುಗಿ ನೋಡಿತು.

ಅಂಗಡಿಯ ಜಾಸಿರ್ ಹೆಲ್ಮೆಟ್ಟನ್ನು ಮತ್ತೆ ಬಿಚ್ಚಿದ. ಒಳಗೆ ಕೂರಿಸಿದ್ದ ಬ್ಲೂಟೂತ್ ಹೆಡ್‌ಸೆಟ್ಟಿನ ಸ್ಪೀಕರನ್ನು ಕಿವಿಯ ತೂತಿಗೆ ಸರೀ ಎದುರಾಗಿ ಸರಿಸಿದ. ಅದರ ಹಿಂದೆ ಸ್ಪಂಜಿನ ತುಂಡು ತುರುಕಿ ಕಿವಿಗೆ ಒತ್ತುವಂತೆ ಮಾಡಿದ.

“ಇದಕ್ಕಿಂತ ಜಾಸ್ತಿ ಆಗುದಿಲ್ಲ ಮಾರಾಯ್ರೆ. ಫುಲ್ ಇಟ್ಟರೆ ಸ್ವರ ಒಡೀತದೆ. ಯಾರು ಮಾತಾಡಿದ್ರೂ ತಗಡು ಬಡಿದ ಹಾಗೆ ಕೇಳ್ತದೆ.”

“ಕೇಳ್ತದಲ್ಲ, ಅಷ್ಟು ಸಾಕು.”

ಇಚಿಲಂಪಾಡಿಯ ತೋಟದಲ್ಲಿ ವರ್ಷಗಟ್ಟಲೆ ಕಳೆ ಕೊಚ್ಚುವ ಯಂತ್ರ ಹಿಡಿದು ಉದಯನ ಕಿವಿ ಮಂದವಾಗಿತ್ತು. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಹೆಣ್ಣು ನೋಡಲು ಹೋದಲ್ಲೆಲ್ಲ ಏನು ಕೇಳಿದರೂ ನಕ್ಕು ತಲೆಯಾಡಿಸುತ್ತಿದ್ದ. ಕಳೆದ ಸಲ ಕುಡಿಯುವ ಅಭ್ಯಾಸ ಉಂಟಾ ಎಂದು ಕೇಳಿದ್ದಕ್ಕೂ ಬಹಳ ಸಂತೋಷದಿಂದ ತಲೆಯಾಡಿಸಿ ಬಂದಿದ್ದ. ತೋಟದವನಿಗೆ ಹೆಣ್ಣು ಸಿಗುವುದೇ ಕಷ್ಟ, ಅದರಲ್ಲೂ ಇವನಿಗೆ ಮೂವತ್ತೆಂಟು ದಾಟಿದೆ. ಇದೊಂದು ತಪ್ಪಿದರೆ ತಾನಿನ್ನು ಹುಡುಕುವುದಿಲ್ಲವೆಂದು ದಲ್ಲಾಳಿ ದೇರಣ್ಣ ಖಡಾಖಂಡಿತ ಹೇಳಿಬಿಟ್ಟಿದ್ದ.

“ಈ ಮನೆಯವರದ್ದು ಕ್ರಮ ಬೇರೆ,” ಎಂದಿದ್ದ ದೇರಣ್ಣ. “ಚಾವಡಿಯಲ್ಲಿ ಕೂತು ಚಾ ಕುಡಿಯುದು ಎಲ್ಲ ಇಲ್ಲ. ಸುಳ್ಯದಿಂದ ಸಂಪಾಜೆಗೆ ಬೈಕಲ್ಲಿ ಹೋಗುದು, ಹೆಲ್ಮೆಟ್ಟಿನಲ್ಲಿ ಮಾತಾಡುದು. ಮೊದಲು ಮಾತು, ಮುಖ ಆಮೇಲೆ.”

ಉದಯನಿಗೆ ಸ್ವರ್ಗ ಮೂರೇ ಗೇಣು. ಎದುರು ಕೂತವರ ಮಾತು ಕೇಳಿಸದವನಿಗೆ ಕಿವಿಯೊಳಗೇ ಬಂದು ಮಾತಾಡುವ ಹುಡುಗಿ ಸಿಕ್ಕಿದ್ದಳು. ಜೋಡಿ ಹೆಡ್‌ಸೆಟ್ಟಿನ ಇನ್ನೊಂದನ್ನು ದೇರಣ್ಣನ ಕೈಯಲ್ಲಿ ಮೊದಲೇ ಕಳಿಸಿದ.

ಆದಿತ್ಯವಾರ ಸುಳ್ಯದಲ್ಲಿ ಜಿರಿಜಿರಿ ಮಳೆ. ಹುಡುಗಿಯ ಮನೆಯ ಗೇಟಿನ ಬಳಿ ಉದ್ದದ ಮಳೆಕೋಟು, ಮುಖ ಮುಚ್ಚುವ ಹೆಲ್ಮೆಟ್ಟು ತಯಾರಾಗಿ ನಿಂತಿತ್ತು. ಎರಡೂ ಕಡೆ ಕಾಲು ಹಾಕಿ ಕೂತದ್ದೇ ಬೈಕಿನ ಹಿಂಭಾಗ ಕುಗ್ಗಿತು. ಫೋಟೋದಲ್ಲಿ ಸಪೂರ ಕಂಡಿದ್ದ ಹರಿಣಾಕ್ಷಿ ಹೊತ್ತು ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ ಎಂದು ಉದಯನಿಗೆ ಸಮಾಧಾನವಾಯಿತು.

“ಕೇಳ್ತದಾ?” ಕಿವಿಯಲ್ಲಿ ತಗಡು ಬಡಿಯಿತು.

“ಚಂದ ಕೇಳ್ತದೆ.”

“ಅಡಿಕೆಗೆ ಮದ್ದು ಎಷ್ಟು ಸಲ ಬಿಡುದು?”

“ಮೂರು ಸಲ.”

“ಮದ್ದಿಗೆ ಸುಣ್ಣ ಸೋಸಿ ಹಾಕುದಾ, ಹಾಗೇ ಹಾಕುದಾ?”

ಉದಯ ಕರಗಿಹೋದ. ಬಿ.ಎಡ್. ಮಾಡಿದ ಹುಡುಗಿಗೆ ತೋಟದ ಮೇಲೆ ಇಷ್ಟು ಪ್ರೀತಿ ಯಾರು ಕಂಡಿದ್ದರು? ಸುಣ್ಣ, ಗೊಬ್ಬರ, ಕೊಳೆರೋಗ ಎಲ್ಲ ಮುಗಿಯಿತು. ಅರಂತೋಡು ದಾಟಿದ ಮೇಲೆ ಮಾತು ಮನೆಯೊಳಗೆ ಬಂತು.

“ಗೊರಕೆ ಹೊಡೆಯುದು ಉಂಟಾ?”

“ಗೊತ್ತಿಲ್ಲ. ನನಗೆ ಕೇಳುದಿಲ್ಲ.” ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ನುಂಗಿಕೊಳ್ಳಲು ಅವನಿಂದಾಗಲಿಲ್ಲ. “ಸತ್ಯ ಹೇಳ್ತೇನೆ. ಗೊರಕೆ ಮಾತ್ರ ಅಲ್ಲ, ನನಗೆ ಹೆಚ್ಚಿನದ್ದು ಯಾವುದೂ ಕೇಳುದಿಲ್ಲ. ಈ ಹೆಲ್ಮೆಟ್ಟು ಫುಲ್ ವಾಲ್ಯೂಮಿನಲ್ಲಿ ಉಂಟು.”

ಎಲ್ಲ ಮುಗಿಯಿತೆಂದು ಉದಯ ಬೈಕಿನ ವೇಗ ಇಳಿಸಿದ.

“ಮುಚ್ಚಿಡದೆ ಹೇಳಿದಿರಲ್ಲ, ಅದು ದೊಡ್ಡದು,” ಎಂದಿತು ತಗಡು. “ಕಿವಿ ಕೇಳದಿದ್ರೂ ಸಂಸಾರ ನಡೀತದೆ. ಕೇಳಿದರೇ ಕೆಲವು ಸಲ ಕಷ್ಟ.”

ಇಷ್ಟು ಅರ್ಥಮಾಡಿಕೊಳ್ಳುವ ಜೀವ ಅವನಿಗೆ ಈ ತನಕ ಸಿಕ್ಕಿರಲಿಲ್ಲ. ಕಣ್ಣು ಮಂಜಾಯಿತು.

“ನಿಮ್ಮ ಸ್ವರ ಕೇಳಿಯೇ ನನಗೆ ಸಾಕಾಯ್ತು. ಇನ್ನು ಮುಖ ನೋಡಬೇಕು ಅಂತ ಇಲ್ಲ. ನೀವು ಒಪ್ಪಿದರೆ ಆಯ್ತು.”

ಒಂದು ಕೈ ಅವನ ಭುಜವನ್ನು ಗಟ್ಟಿಯಾಗಿ ಅದುಮಿತು. “ನನಗೆ ಒಪ್ಪಿಗೆ.”

ಭುಜ ನೋಯಿತು. ಆ ನೋವೂ ಅವನಿಗೆ ಹಿತವಾಗಿತ್ತು. ಸಂಪಾಜೆಯ ಹೋಟೆಲಿನ ಎದುರು ಬೈಕ್ ನಿಲ್ಲಿಸಿ, ಹೆಲ್ಮೆಟ್ ತೆಗೆದು, ತಲೆಕೂದಲು ಸರಿಮಾಡಿಕೊಂಡು ಮೆಲ್ಲನೆ ತಿರುಗಿದ.

ಹಿಂದಿನ ಸೀಟಿನಿಂದ ಇಳಿದ ಡೊಂಬಯ್ಯ ತಮ್ಮ ಹೆಲ್ಮೆಟ್ ಕಳಚಿ, ಬಿಳಿ ಮೀಸೆ ಒರೆಸಿಕೊಂಡು, ಅವನ ಕಿವಿಗೆ ಬಾಯಿಟ್ಟು ಕೂಗಿದರು: “ನಾನು ಹರಿಣಾಕ್ಷಿಯ ಅಪ್ಪ. ನನ್ನ ಒಪ್ಪಿಗೆ ಆಯ್ತು, ಇನ್ನು ಅವಳನ್ನೂ ಒಂದು ಮಾತು ಕೇಳಬೇಕು.”